ಚಿಂತೆಗೆ ಪಗಾರ

ಇಂಟರ್‌ವ್ಯೂ ಎಂದು ಕರೆಸಿ, ಬೆಳಗ್ಗೆಯಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಊಟದ ಹೊತ್ತಿಗೆ ‘ಜಾಗ ಇಲ್ರೀ, ಮುಂದಿನ ಸಲ ನೋಡೋಣ’ ಎಂದು ಕಳಿಸುವವರ ಮನೆ ಹಾಳಾಗ! ದಾಕ್ಷಾಯಣಿ ಹೂಗಾರ ಇದನ್ನು ಬಾಯಿಬಿಟ್ಟು ಅನ್ನಲಿಲ್ಲ. ಮನಸ್ಸಿನೊಳಗೇ ಅಂದುಕೊಂಡು, ಹುಬ್ಬಳ್ಳಿಯ ಗೋಕುಲ ರಸ್ತೆಯ ಆ ಕಾರ್ಖಾನೆಯ ಗೇಟು ದಾಟಿ ಬಿಸಿಲಿಗೆ ಬಂದಳು. ಜಾಗವೇ ಇಲ್ಲದ ಮೇಲೆ ಕರೆದದ್ದಾದರೂ ಯಾಕೆ ಎಂದು ಅವಳು ಕೇಳಿದ್ದಕ್ಕೆ, ಒಳಗೆ ಮೇಜಿನ ಹಿಂದೆ ಕುಳಿತಿದ್ದವನು ಅವಳ ಮಣಿಕಟ್ಟು ತೋರಿಸಿ ನಕ್ಕಿದ್ದ.

“ಮೇಡಂ, ನಿಮ್ಮ ಕಡಗ ಹಸರ ಐತಲ್ರೀ. ಇದ್ದ ನೌಕರಿ ಬಿಟ್ಟು ಇನ್ನೊಂದಕ್ಕ ಯಾಕ ಆಸೆ ಬೀಳ್ತೀರಿ?”

ಆ ಮಾತಿಗೆ ಅವಳ ಮೈಯೆಲ್ಲ ಉರಿದಿತ್ತು. ಮೈ ಉರಿದಷ್ಟೂ ಕಡಗ ಇನ್ನಷ್ಟು ಹಸಿರಾಗಿತ್ತು.

ಕಡಗ ಎಂದರೆ ಬಂಗಾರದ್ದಲ್ಲ, ಬೆಳ್ಳಿಯದೂ ಅಲ್ಲ. ಸರ್ಕಾರ ಅದಕ್ಕಿಟ್ಟ ಹೆಸರು ‘ಕಾಯಕ ಕಂಕಣ’. ಅಷ್ಟು ದೊಡ್ಡ ಹೆಸರಿನಿಂದ ಯಾರು ಕರೀತಾರೆ? ಜನರ ಬಾಯಲ್ಲಿ ಅದು ಬರೀ ಕಡಗ. ಮೊದಲೆಲ್ಲ ನಿರುದ್ಯೋಗದ ಲೆಕ್ಕ ತೆಗೆಯುವವರು ಮನೆಮನೆಗೆ ಬಂದು ‘ಹೋದ ವಾರ ಒಂದು ತಾಸಾದರೂ ದುಡಿದೀರೇನು?’ ಎಂದು ಕೇಳುತ್ತಿದ್ದರು. ಹೌದು, ಪಕ್ಕದ ಮನೆಯವರ ಮದುವೆಗೆ ಒಂದು ತಾಸು ಹೂ ಕಟ್ಟಿಕೊಟ್ಟೆ ಎಂದರೆ ಮುಗಿಯಿತು, ನೀವು ಉದ್ಯೋಗಸ್ಥರು! ಆ ಲೆಕ್ಕವನ್ನು ಓದಿ ಪತ್ರಿಕೆಗಳು ನಕ್ಕವು, ಚಹಾದಂಗಡಿಗಳಲ್ಲಿ ಜನ ನಕ್ಕರು. ಆಗ ಯಾವನೋ ಬುದ್ಧಿವಂತನಿಗೆ ಹೊಳೆಯಿತು, ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ, ಆದ್ದರಿಂದ ಮೈಯನ್ನೇ ಕೇಳೋಣ ಎಂದು.

ಅಲ್ಲಿಂದ ಹದಿನೆಂಟು ದಾಟಿದವರಿಗೆಲ್ಲ ಕಡಗ ಬಂತು. ನಾಡಿ ಎಷ್ಟು ಓಡುತ್ತದೆ, ಅಂಗೈ ಎಷ್ಟು ಬೆವರುತ್ತದೆ, ಕೈಯ ಸ್ನಾಯು ಎಷ್ಟು ಬಿಗಿದಿದೆ, ಉಸಿರು ಆಳವೋ ಮೇಲುಮೇಲೆಯೋ, ಎಲ್ಲವನ್ನೂ ಅದು ಚರ್ಮದ ಮೇಲಿನಿಂದಲೇ ಓದಿ ಉಣಕಲ್ ಕೆರೆಯ ದಂಡೆಯಲ್ಲಿರುವ ಕಾಯಕ ಮಾಪನ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿನ ಯಂತ್ರ ಲೆಕ್ಕ ಹಾಕಿ ಬಣ್ಣ ಹೇಳುತ್ತದೆ. ಹಸಿರು ಎಂದರೆ ದುಡಿಮೆ, ಬೂದು ಎಂದರೆ ಖಾಲಿ. ಬೂದು ಕಡಗದವರು ಕೆಲಸದ ಕಚೇರಿಯ ಬಾಗಿಲ ಮುಂದೆ ನಿಂತರೆ ಸಾಕು, ಬಾಗಿಲು ತಾನಾಗಿ ತೆರೆಯಬೇಕು, ಒಳಗಿನವರು ಕೆಲಸ ಕೊಡಬೇಕು, ಇಲ್ಲವೆಂದರೆ ಅರ್ಧ ಪಗಾರ ಕೊಡಬೇಕು. ಕಾಯ್ದೆಯಲ್ಲಿ ಹಾಗೆಂದು ಬರೆದಿದೆ. ಓದಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಂಥ ಕಾಯ್ದೆ.

ಆದರೆ ಬೂದು ಬಣ್ಣ ಬರಬೇಕಲ್ಲ! ಚೆನ್ನಮ್ಮ ಸರ್ಕಲ್‌ನಲ್ಲಿ ಕಟ್ಟಿರುವ ದೊಡ್ಡ ಫಲಕ ಹಗಲಿಡೀ ಹೊಳೆಯುತ್ತಿತ್ತು: ನಗರದ ನಿರುದ್ಯೋಗ ನೂರಕ್ಕೆ ಒಂದೂ ಇಲ್ಲ, ಬರೀ ಅರ್ಧ. ಅದರ ಕೆಳಗೆ ಮಂತ್ರಿಗಳ ನಗುಮುಖ. ದಾಕ್ಷಾಯಣಿ ಕೆಲಸ ಮಾಡುತ್ತಿದ್ದ ವಾಲ್ವಿನ ಕಾರ್ಖಾನೆ ಮುಚ್ಚಿ ಎರಡು ಮಳೆಗಾಲ ಕಳೆದಿತ್ತು. ಅಲ್ಲಿ ಅವಳೊಂದಿಗೆ ಕೆಲಸ ಕಳೆದುಕೊಂಡವರಲ್ಲಿ ಒಬ್ಬರಿಗೂ ಕೆಲಸ ಸಿಕ್ಕಿರಲಿಲ್ಲ, ಒಬ್ಬರ ಕಡಗವೂ ಬೂದಾಗಿರಲಿಲ್ಲ.

ಮನೆಗೆ ಬಂದರೆ ಅಲ್ಲಿಯೂ ಅದೇ ರಗಳೆ. ಅತ್ತೆ ಚನ್ನವ್ವ ಬಾಗಿಲಲ್ಲೇ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆಯ ಮುಖ ನೋಡಲಿಲ್ಲ, ಕೈ ನೋಡಿದಳು.

“ಬಂದಿಯೇನ್ವಾ ದುಡದು?”

“ಎಲ್ಲಿ ದುಡಿಯೂದ್ರೀ ಅತ್ತಿ? ಇಂಟರ್‌ವ್ಯೂಕ್ಕ ಹೋಗಿದ್ದೆ. ಇಲ್ಲ ಅಂದ್ರು.”

“ದಿನಾ ಇಲ್ಲ ಅಂತಾರ, ದಿನಾ ಹಸರ ಇರತೈತಿ. ಮಷೀನ್ ಸುಳ್ಳ ಹೇಳತೈತೇನು? ಅದಕ್ಕೇನ್ ನಿನ್ನ ಕೂಡ ಜಗಳ ಐತಿ?” ಚನ್ನವ್ವ ಮೊರ ಕೊಡವಿದಳು. “ಪಗಾರ ತವರಮನಿಗಿ ಕಳಸ್ತಿಯೋ, ಬ್ಯಾಂಕಿನ್ಯಾಗ ಇಡ್ತಿಯೋ, ಬಾಯಿಬಿಟ್ಟು ಹೇಳಿಬಿಡು. ನಾ ಏನ್ ಕಸಗೊಳ್ಳಂಗಿಲ್ಲ. ನನ್ನ ಮಗ ಒಬ್ಬವನ ಟೆಂಪೊ ಹೊಡದು ಸಾಯಾಕತ್ತಾನ, ಅದಕ್ಕ ಕೇಳಿದೆ.”

ದಾಕ್ಷಾಯಣಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತೆಯ ಮಾತು ಹೊಸದಲ್ಲ, ಬಿಡಿ. ಆದರೆ ಸಂಜೆ ಗಂಡ ಮಹಾಂತೇಶ ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುತ್ತ ಮುರಿಯುತ್ತ, ಅವಳ ಕಡೆ ನೋಡದೆ ಕೇಳಿದ: “ಖರೇ ಹೇಳು, ಎಲ್ಲಾದ್ರೂ ಹೋಗಾಕತ್ತಿಯೇನು?”

“ನೀವೂ ಕೇಳಾಕತ್ತೀರಿ?”

“ಅಲ್ಲ, ಕಡಗ ಹಂಗ ತೋರಸ್ತೈತಿ ಅಂತ…”

ಹದಿನಾಲ್ಕು ವರ್ಷ ಕೂಡಿ ಬಾಳಿದ ಗಂಡಸು ಹೆಂಡತಿಯ ಮಾತಿಗಿಂತ ಕೈಗೆ ಕಟ್ಟಿದ ಡಬ್ಬಿಯನ್ನು ನಂಬಿದ. ಅವಳಿಗೆ ನೌಕರಿ ಇಲ್ಲದ್ದು ಒಂದು ಸಂಕಟ, ಇಲ್ಲ ಎಂದರೆ ಯಾರೂ ನಂಬದ್ದು ಇನ್ನೊಂದು. ಎರಡನೆಯದೇ ಹೆಚ್ಚು ಸುಡುತ್ತಿತ್ತು. ಮರುದಿನವೇ ಅವಳು ತಕರಾರು ಕೊಡಲು ಉಣಕಲ್ಲಿಗೆ ಬಸ್ಸು ಹತ್ತಿದಳು.

ಕೇಂದ್ರದ ಒಳಗೆ ಎಸಿಯ ಚಳಿ. ಒಂದು ಇಡೀ ಗೋಡೆ ಪರದೆಯಾಗಿತ್ತು, ಅದರ ಮೇಲೆ ಊರಿನ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕಿಗಳು. ಹಳೇಹುಬ್ಬಳ್ಳಿಯಲ್ಲಿ ಹಸಿರು, ಕೇಶ್ವಾಪುರದಲ್ಲಿ ಹಸಿರು, ಮುಚ್ಚಿದ ಗಿರಣಿಗಳ ಓಣಿಯಲ್ಲಂತೂ ಕಣ್ಣು ಕುಕ್ಕುವಷ್ಟು ಹಸಿರು. ಕೇಂದ್ರದ ನಿರ್ದೇಶಕ ಡಾ. ನಿರಂಜನ ಪಟ್ಟಣಶೆಟ್ಟಿ ಐವತ್ತರ ಆಚೀಚಿನ ಮನುಷ್ಯ, ಮಾತಿನಲ್ಲಿ ಜೇನು, ಕಣ್ಣಲ್ಲಿ ಗಡಿಬಿಡಿ. ಅವಳ ಹೆಸರು ಒತ್ತಿದೊಡನೆ ಗೋಡೆಯ ಮೇಲೆ ಏರಿಳಿಯುವ ಗೆರೆಗಳು ಮೂಡಿದವು.

“ನೋಡ್ರಿ ಮೇಡಂ. ಹೋದ ವಾರದ ಮಂಗಳವಾರ ಮುಂಜಾನೆ. ನಾಡಿ ಏರೇತಿ, ಅಂಗೈ ಬೆವತೈತಿ, ಭುಜ ಬಿಗದೈತಿ. ಭಟ್ಟಿ ಮುಂದ ನಿಂತು ಕಬ್ಬಿಣ ಕಾಸಾವಂದು ಹಿಂಗs ಇರತೈತಿ.”

“ಅವತ್ತ ಇನ್ನೊಂದು ಕಡೆ ಇಂಟರ್‌ವ್ಯೂಕ್ಕ ಪಾಳಿ ಹಚ್ಚಿ ಕುಂತಿದ್ದೆ ರೀ.”

“ಬುಧವಾರ ಇಡೀ ದಿನ?”

“ಅವರು ಫೋನ್ ಮಾಡ್ತಾರ ಅಂತ ಕಾಯ್ಕೋತ ಕುಂತಿದ್ದೆ.”

“ಮತ್ತ ಮಧ್ಯರಾತ್ರಿಗೂ ದುಡಿಮಿ ಐತಲ್ರೀ? ನೈಟ್ ಶಿಫ್ಟ್ ಏನು?”

“ನಿದ್ದಿ ಬರಲಿಲ್ಲ.”

ಸುತ್ತ ಕಂಪ್ಯೂಟರ್ ಮುಂದೆ ಕುಳಿತಿದ್ದವರು ಕಿಸಕ್ಕೆಂದರು. ಪಟ್ಟಣಶೆಟ್ಟಿ ನಗಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥ. “ಮೇಡಂ, ಮಷೀನ್‌ಗೆ ನಿಮ್ಮ ಮ್ಯಾಲೆ ದ್ವೇಷ ಇಲ್ಲ. ನೌಕರಿ ಎಲ್ಲಿ ಬಚ್ಚಿಟ್ಟೀರೋ ನಮಗ ಬ್ಯಾಡ. ಆದ್ರ ಸುಳ್ಳ ತಕರಾರಿಗೆ ಶಿಕ್ಷೆ ಐತಿ, ನೆನಪಿರ್ಲಿ,” ಎಂದು ಅವಳನ್ನು ಬಾಗಿಲವರೆಗೆ ಕಳಿಸಿಕೊಟ್ಟ.

ಓಣಿಯ ತುದಿಯಲ್ಲಿ ಹನುಮಪ್ಪನ ಗುಡಿ, ಗುಡಿಯ ಮುಂದೆ ಬೇವಿನಮರ, ಮರಕ್ಕೆ ಸುತ್ತಲೂ ಕಟ್ಟೆ. ಆ ಕಟ್ಟೆ ರಿಟೈರಾದವರ ಆಸ್ತಿ. ಅವರ ಪೈಕಿ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಗುರುಪಾದಪ್ಪ ಕಾಕಾ ಹಿರಿಯ. ಬಸ್ಸಿಳಿದು ಬಂದ ದಾಕ್ಷಾಯಣಿಗೆ ಮೊದಲು ಕಂಡದ್ದು ಕಾಕಾನ ಕೈ. ಅಲ್ಲಿ ಕಡಗ ಬೂದಿಯ ಬಣ್ಣಕ್ಕಿತ್ತು! ಅವಳು ಹಾದಿಯಲ್ಲೇ ನಿಂತುಬಿಟ್ಟಳು.

“ಕಾಕಾ, ನಿಮ್ಮದು ಖಾಲಿ ತೋರಸ್ತೈತಿ?”

“ಹೂನ್ವಾ! ನಂದಷ್ಟs ಅಲ್ಲ, ಈ ಕಟ್ಟಿ ಮ್ಯಾಲ ಕುಂತಾವರದ್ದೆಲ್ಲಾ.” ಕಾಕಾ ಅಡಿಕೆ ಎಲೆ ಜಗಿಯುತ್ತ ಕೈ ಎತ್ತಿ ತೋರಿಸಿದ. “ಕೆಲಸದ ಕಚೇರಿಯವರು ಬಾ ಬಾ ಅಂತ ಫೋನ್ ಮಾಡ್ತಾರ. ನಮಗ ಯಾಕ ಬೇಕ್ವಾ ಈ ವಯಸ್ಸಿನ್ಯಾಗ? ತಿಂಗಳ ತಿಂಗಳ ಪಿಂಚಣಿ ಬರತೈತಿ. ಖಾಲಿ ಅಂದ್ರ ನಮ್ಮಂಗ ಇರಬೇಕು. ಖಾಲಿ ಅಂದ್ರೇನು ಅಂತ ಮಷೀನಿಗೆ ಕಲಿಸಿದಾವ್ರs ನಾವು!”

“ಏನಂದ್ರಿ?”

ಕಾಕಾನಿಗೆ ಹೇಳುವ ಹುರುಪು ಬಂತು. ಕಡಗ ಬರುವ ಮೊದಲು ಕೇಂದ್ರದವರಿಗೆ ‘ಕೆಲಸವಿಲ್ಲದ ಮೈ’ ಹೇಗಿರುತ್ತದೆಂದು ಯಂತ್ರಕ್ಕೆ ತೋರಿಸಬೇಕಿತ್ತಂತೆ. ಕೆಲಸವಿಲ್ಲದವರು ಎಲ್ಲಿ ಸಿಗುತ್ತಾರೆ ಎಂದು ವಿಚಾರ ಮಾಡಿ, ಈ ಊರಿನ ಯಾರಿಗೇ ಕೇಳಿದರೂ ಬರುವ ಉತ್ತರವನ್ನೇ ಅವರೂ ಹುಡುಕಿದರು. ಕಟ್ಟೆಗೆ ಬಂದರು. ಸುಮ್ಮನೆ ಕುಳಿತವರನ್ನೆಲ್ಲ ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಮೆತ್ತನೆ ಕುರ್ಚಿಯಲ್ಲಿ ಕೂರಿಸಿದರು.

“ಗಿರಮಿಟ್ ಕೊಟ್ರು, ಬಿಸಿಬಿಸಿ ಮಿರ್ಚಿ ಕೊಟ್ರು, ಮ್ಯಾಲ ಚಾ. ಆಮ್ಯಾಲ ಆ ತಣ್ಣನ ರೂಮಿನ್ಯಾಗ ಕೈಗೆ ವೈರು ಕಟ್ಟಿ, ‘ಸುಮ್ಮ ಕುಂದರ್ರೀ’ ಅಂದ್ರು. ಅದೇನ್ ಹೇಳಬೇಕೇನ್ವಾ ನಮಗ? ನಿಂಗಪ್ಪ ಮಾಸ್ತರ ಅಂತೂ ಗೊರಕೀನs ಹೊಡದ್ರು. ಎಂಥಾ ಚಲೋ ರೀಡಿಂಗ್ ಬಂದೈತ್ರೀ ಅಂತ ಆ ಸಾಹೇಬ ಕೈ ಕುಲುಕಿದ.”

ದಾಕ್ಷಾಯಣಿ ಕಟ್ಟೆಯ ತುದಿಗೆ ಕುಸಿದು ಕುಳಿತಳು. ಅವಳು ಬಿ.ಎಸ್ಸಿ. ಓದಿದವಳು, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹೊಟ್ಟೆ ತುಂಬಿದ, ಪಿಂಚಣಿ ಬರುವ, ನಾಳೆಯ ಯೋಚನೆಯಿಲ್ಲದ ಮುದುಕರ ಮೈ ಯಂತ್ರದ ಪಾಲಿಗೆ ‘ಖಾಲಿ’. ಅದಕ್ಕೆ ಹೋಲದ ಮೈಯೆಲ್ಲ ‘ದುಡಿಮೆ’. ಕೆಲಸ ಕಳೆದುಕೊಂಡವನ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ನಿದ್ದೆ ಬರುವುದಿಲ್ಲ. ಆದ್ದರಿಂದ ಅವನು ಹಗಲೂ ರಾತ್ರಿ ದುಡಿಯುತ್ತಿದ್ದಾನೆ! ಚಿಂತೆ ಹೆಚ್ಚಾದಷ್ಟೂ ಊರು ಹಸಿರಾಗುತ್ತದೆ, ಮಂತ್ರಿಗಳು ನಗುತ್ತಾರೆ. ಥೂ ಇವರ!

ಒಂದಿಷ್ಟು ದಿನ ಅವಳೂ ಕಟ್ಟೆಯ ಮೇಲೆ ಕುಳಿತು ನೋಡಿದಳು. ಗಂಡಸರ ಕಟ್ಟೆಯಲ್ಲಿ ಹೆಂಗಸು ಕೂತರೆ ಓಣಿ ಸುಮ್ಮನಿರುತ್ತದೆಯೇ? ಆಡಿಕೊಂಡರು. ಕಾಕಾ ಪಾಠ ಹೇಳಿದ: “ಭುಜ ಇಳೀಬಿಡವಾ. ಏನೂ ನೆನಸಬ್ಯಾಡ. ಮರದಾಗಿನ ಅಳಿಲ ನೋಡು.” ಅವಳು ಅಳಿಲು ನೋಡಿದಳು. ಅದಕ್ಕೂ ಹೊಟ್ಟೆಯ ಪಾಡಿಗೆ ಓಡಾಟವೇ ಆಗಿತ್ತು. ಒಂದು ಸಲ ಉಸಿರು ಹಗುರಾಗಿ ಕಡಗ ಮಿಣುಕಿತು, ಬೂದಾಯಿತೋ ಏನೋ ಎನ್ನುವಷ್ಟರಲ್ಲಿ ಬೂದಾಯಿತಲ್ಲ ಎಂಬ ಸಂತೋಷಕ್ಕೆ ಎದೆ ಹಾರಿ ಮತ್ತೆ ಹಸಿರು.

“ಇದು ನಿನ್ನ ಕೈಲೆ ಆಗೂದಲ್ಲ ಬಿಡವಾ,” ಎಂದ ಕಾಕಾ, ಕನಿಕರದಿಂದಲೇ. “ನನಗ ಪಿಂಚಣಿ ಐತಿ. ನಿನಗೇನೈತಿ?”

ಅವಳು ನೇರ ಕೇಂದ್ರಕ್ಕೆ ಹೋದಳು. ಈ ಸಲ ತಕರಾರಿನ ಕಿಟಕಿಗೆ ನಿಲ್ಲಲಿಲ್ಲ. ನಿರ್ದೇಶಕರ ಕೋಣೆಯ ಬಾಗಿಲು ತಳ್ಳಿಕೊಂಡೇ ಒಳಗೆ ನುಗ್ಗಿದಳು.

“ಗಿರಮಿಟ್ ತಿನಿಸಿ ಮುದುಕರನ್ನ ಮಲಗಿಸಿ ಖಾಲಿ ಅಂದ್ರೇನಂತ ಕಲಿತೈತೇನ್ರೀ ನಿಮ್ಮ ಮಷೀನು? ನನ್ನ ಮೈ ನಡಗೂದು ನಿಮಗ ದುಡಿಮಿ ಆತು? ಪೇಪರಿನವರಿಗೆ ಹೇಳ್ತೀನಿ ನಾನು.”

ಪಟ್ಟಣಶೆಟ್ಟಿ ಎದ್ದು ಬಾಗಿಲು ಹಾಕಿದ. ನಾಚಿಕೆ ಪಟ್ಟನೆಂದುಕೊಂಡಿರಾ? ಇಲ್ಲ. ಅವನ ಮುಖದಲ್ಲಿ ದಣಿವು ಮಾತ್ರ ಇತ್ತು. “ಗೊತ್ತೈತಿ,” ಎಂದ. “ಮೊದಲನೇ ವಾರದಾಗs ಗೊತ್ತಾತು. ಆದ್ರ ಅಷ್ಟೊತ್ತಿಗೆ ಫಲಕ ಮ್ಯಾಲೇರಿತ್ತು, ಮಂತ್ರಿಗಳು ಭಾಷಣ ಮಾಡಿದ್ರು. ಇಳಸಾಕ ಯಾರಿಗೆ ಧೈರ್ಯ ಐತಿ ಹೇಳ್ರಿ?”

ಆಮೇಲೆ ಕುರ್ಚಿ ಎಳೆದುಕೊಟ್ಟು ಕೂರಿಸಿದ. ದಿಲ್ಲಿಯ ತಪಾಸಣೆಯವರಿಗೂ ಸುಳಿವು ಸಿಕ್ಕಿದೆಯಂತೆ. ಖಾಲಿಯನ್ನು ಅಳೆದದ್ದು ಸಾಕು, ಈ ಸಲ ದುಡಿಮೆಯನ್ನೇ ಅಳೆಯಿರಿ, ನೌಕರಿಯಲ್ಲಿರುವ ಒಬ್ಬರ ಮೈಯನ್ನು ಮಾದರಿಯಾಗಿಡಿ, ಆ ಮಾದರಿಗೆ ಹೋಲುವವರಷ್ಟೇ ಹಸಿರು, ಉಳಿದವರೆಲ್ಲ ಬೂದು ಎಂದು ಆಜ್ಞೆ ಬಂದಿದೆ. ಮಾದರಿಯನ್ನು ಅವರ ಕಣ್ಣೆದುರೇ ತೆಗೆದು ಮುದ್ರೆ ಹಾಕುತ್ತಾರೆ. ಮುದ್ರೆ ಬಿದ್ದ ಮೇಲೆ ಒಂದು ವರ್ಷ ಬ್ರಹ್ಮ ಬಂದರೂ ಅದನ್ನು ಮುಟ್ಟುವಂತಿಲ್ಲ.

“ಆ ಮಾದರಿ ನೀವಾಗ್ರಿ,” ಎಂದ ಪಟ್ಟಣಶೆಟ್ಟಿ. “ನಾಳಿಂದs ನೌಕರಿ. ಪಗಾರ, ರಜಾ, ದವಾಖಾನಿ ಖರ್ಚು, ಎಲ್ಲಾ.”

“ನಾನು ಏನ್ ಮಾಡಬೇಕು?”

“ಏನೂ ಇಲ್ಲ. ಕುಂತು ಚಿಂತಿ ಮಾಡ್ರಿ. ಈಗ ಹೆಂಗ ಮಾಡಾಕತ್ತೀರಿ, ಹಂಗs.”

ಅವನ ಉಪಾಯ ಅವಳಿಗೆ ಕೂಡಲೇ ಅರ್ಥವಾಯಿತು. ಕಾಗದದ ಮೇಲೆ ಅವಳು ನೌಕರಸ್ಥೆ. ಮೈಯೊಳಗೆ ಅವಳು ಎರಡು ವರ್ಷದ ನಿರುದ್ಯೋಗಿ. ಅವಳ ಚಿಂತೆಯೇ ದುಡಿಮೆಯ ಮಾದರಿಯಾದರೆ ಊರಿನ ಚಿಂತೆಗಾರರೆಲ್ಲ ಇನ್ನೊಂದು ವರ್ಷ ಹಸಿರು. ಈ ಸಲ ದಿಲ್ಲಿಯ ಮುದ್ರೆ ಬೇರೆ.

ಅವಳು ಒಪ್ಪಿದಳು. ಇಲ್ಲ ಎನ್ನಬೇಕಿತ್ತು ಎನ್ನುವವರು ಎರಡು ವರ್ಷ ಕೆಲಸ ಹುಡುಕಿ, ಸೋತು, ಮನೆಗೆ ಬಂದು ಕಳ್ಳಿ ಎನಿಸಿಕೊಂಡು ನೋಡಲಿ, ಆಮೇಲೆ ಮಾತಾಡಲಿ.

ಮೊದಲ ತಿಂಗಳ ಪಗಾರದಲ್ಲಿ ಅತ್ತೆಗೊಂದು ಇಳಕಲ್ ಸೀರೆ ಬಂತು. ಚನ್ನವ್ವ ಅದನ್ನು ಓಣಿಯ ತುಂಬ ತೋರಿಸಿ ಬಂದಳು. “ನಾ ಹೇಳಿದ್ದಿಲ್ಲೇನು, ಮಷೀನ್ ಸುಳ್ಳ ಹೇಳಂಗಿಲ್ಲ ಅಂತ! ಈಗ ಒಪ್ಪಿಕೊಂಡ್ಳು ನೋಡು,” ಎಂದಳು. ದಾಕ್ಷಾಯಣಿ ತನಗೂ ಒಂದು ತಾಟು ಬಡಿಸಿಕೊಂಡಳು. ಹೊಟ್ಟೆ ತುಂಬ ಉಂಡಳು. ಹಾಸಿಗೆಗೆ ತಲೆ ಇಟ್ಟದ್ದೇ ನಿದ್ದೆ ಬಂತು.

ತೊಂದರೆ ಶುರುವಾದದ್ದೇ ಅಲ್ಲಿ. ಕೇಂದ್ರದ ಗಾಜಿನ ಕೋಣೆಯಲ್ಲಿ ಕೈಗೆ ವೈರು ಕಟ್ಟಿಕೊಂಡು ಕುಳಿತರೆ ಗೆರೆಗಳು ಏಳುವುದೇ ಇಲ್ಲ. ನಾಡಿ ನಿಧಾನ, ಅಂಗೈ ಒಣ, ಭುಜ ಹಗುರ. ನೌಕರಿ ಸಿಕ್ಕ ಮೇಲೆ ಇನ್ನೆಂಥ ಚಿಂತೆ? ಪಟ್ಟಣಶೆಟ್ಟಿ ಪರದೆ ನೋಡಿ ತಲೆ ತಲೆ ಚಚ್ಚಿಕೊಂಡ.

“ಏನ್ ಮೇಡಂ ಇದು! ಕಟ್ಟಿ ಮ್ಯಾಲಿನ ಮುದುಕರಂಗ ಆಗೀರಲ್ಲ?”

“ಏನ್ ಮಾಡ್ಲಿ ರೀ, ನಿದ್ದಿ ಚಲೋ ಬರಾಕತ್ತೈತಿ.”

“ಹಿಂಗಾದ್ರ ನಿಮ್ಮನ್ನ ಇಟ್ಟುಕೊಂಡು ನಾ ಏನ್ ಮಾಡ್ಲಿ? ತಗದುಬಿಡ್ತೀನಿ!”

ಆ ಒಂದು ಮಾತಿಗೆ ಗೆರೆಗಳು ನೆಟ್ಟಗೆ ಮೇಲೆದ್ದವು. ಅದನ್ನು ಕಂಡ ಪಟ್ಟಣಶೆಟ್ಟಿಯ ಮುಖ ಅರಳಿದ್ದು ನೋಡಬೇಕಿತ್ತು. ಅಂದಿನಿಂದ ಅದೇ ರೂಢಿಯಾಯಿತು. ಬೆಳಗ್ಗೆ ಬಂದ ಕೂಡಲೇ ಯಾರಾದರೊಬ್ಬರು ‘ಇವತ್ತ ನಿಮ್ಮ ಲೆಕ್ಕ ಚುಕ್ತಾ ಮಾಡ್ತಾರಂತ ಸುದ್ದಿ’ ಎನ್ನುವುದು, ಮಧ್ಯಾಹ್ನ ಅವಳ ಕುರ್ಚಿಯನ್ನು ಕೋಣೆಯಿಂದ ಹೊರಗೆ ಸಾಗಿಸುವುದು, ಇನ್ನೊಬ್ಬಳನ್ನು ಕರೆತಂದು ಅವಳ ಎದುರೇ ಇಂಟರ್‌ವ್ಯೂ ಮಾಡುವುದು. ಸಂಜೆಗೆ ‘ನಾಳಿ ಬರ್ರಿ’ ಎನ್ನುವುದು. ಇದೆಲ್ಲ ನಾಟಕ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಒಂದು ದಿನ ಖರೇ ಆದರೆ ಎಂದು ನೆನೆದೊಡನೆ ಗೆರೆಗಳು ಏಳುತ್ತಿದ್ದವು, ಅವರಿಗೆ ಬೇಕಾದದ್ದೂ ಅಷ್ಟೇ. ಊರಿನ ಕಾರ್ಖಾನೆಗಳು ಕಾಂಟ್ರಾಕ್ಟಿನವರನ್ನು ಇಟ್ಟುಕೊಂಡಿದ್ದೂ ಹೀಗೇ ಅಲ್ಲವೇ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಮಾದರಿ ತೆಗೆಯುವ ದಿನ ಬಂತು. ಬೆಳಗ್ಗೆ ಬಸ್‌ಸ್ಟಾಪಿಗೆ ಹೊರಟವಳಿಗೆ ಹಾದಿಯ ಬದಿಯ ಚಹಾದಂಗಡಿಯಲ್ಲಿ ಮಹಾಂತೇಶ ಕಂಡ. ಅವನು ಇಷ್ಟು ಹೊತ್ತಿಗೆ ಟೆಂಪೊ ತೆಗೆದುಕೊಂಡು ಎಪಿಎಂಸಿಯಲ್ಲಿರಬೇಕಿತ್ತು. ಮುಂದೆ ಖಾಲಿ ಗ್ಲಾಸು, ಬೆರಳು ಅದರ ಅಂಚನ್ನು ಸುತ್ತುತ್ತಿತ್ತು. ಕಡಗ ಹಸಿರಾಗಿ ಉರಿಯುತ್ತಿತ್ತು. ಅವಳು ಅಂಗಡಿಯ ಮುಂದೆ ಹೋಗಿ ನಿಂತಳು.

“ಟೆಂಪೊ ಎಲ್ಲೈತ್ರೀ?”

ಅವನು ತಲೆ ತಗ್ಗಿಸಿದ. “ಮಾಲಕ ಮಾರಿಬಿಟ್ಟ. ದಸರಾದ ಮುಂದs.”

“ಅಲ್ಲಿಂದ ದಿನಾ ಎಲ್ಲಿಗೆ ಹೋಗಾಕತ್ತೀರಿ?”

“ಕೆಲಸ ಕೇಳ್ಕೋತ. ಇಲ್ಲಾಂದ್ರ ಇಲ್ಲೆ ಕುಂದರತೀನಿ. ಕಡಗ ಹಸರs ಇತ್ತು, ಕೈಗಡ ಸಾಲ ತಂದು ಪಗಾರ ಅಂತ ಕೊಟ್ಟೆ, ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ ಅಂತ ಸುಮ್ಮನಿದ್ದೆ.” ಅವನು ಕಣ್ಣೆತ್ತಿದ. “ನೀ ಆವಾಗ ಖರೇನs ಹೇಳಿದ್ದಿ. ನಂಬಲಿಲ್ಲ ನಾನು. ನನ್ನ ಪಾಳಿ ಬಂದ ಮ್ಯಾಲ ಗೊತ್ತಾತು.”

ದಾಕ್ಷಾಯಣಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು, ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು. ನಡುರಸ್ತೆಯಲ್ಲಿ ಎರಡೂ ಆಗುವ ಮಾತಲ್ಲ. ಬೆಂಚಿನ ಮೇಲೆ ಅವನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ಮುದುಕರ ಮೈ, ತನ್ನ ನೌಕರಿ ಎಂಥದ್ದು, ಇವತ್ತು ಅವಳು ಚಿಂತೆ ಮಾಡಿದರೆ ಅವನಂಥವರೆಲ್ಲ ಇನ್ನೊಂದು ವರ್ಷ ದುಡಿಯುವವರಾಗಿಯೇ ಉಳಿಯುತ್ತಾರೆ ಎಂಬುದು, ಮಾಡದಿದ್ದರೆ ಮನೆಗೆ ಬರುವ ಒಂದೇ ಪಗಾರ ನಿಲ್ಲುತ್ತದೆ ಎಂಬುದು.

ಮಹಾಂತೇಶ ಖಾಲಿ ಗ್ಲಾಸನ್ನು ಆಚೆ ಸರಿಸಿದ. ನಕ್ಕ. “ಹೋಗ್ಲಿ ಬಿಡ. ಇಬ್ಬರೂ ಖಾಲಿ ಅಂತ ಊರಿಗೆಲ್ಲ ಹೇಳಿಬಿಡೂಣು. ಸುಳ್ಳ ಹೇಳಿ ಹೇಳಿ ಸಾಕಾಗೇತಿ ನನಗ.”

ಗಾಜಿನ ಕೋಣೆಯಲ್ಲಿ ಅಂದು ದಿಲ್ಲಿಯ ಇಬ್ಬರು ಅಧಿಕಾರಿಗಳಿದ್ದರು. ನಿಯಮದ ಪ್ರಕಾರ ಕೇಂದ್ರದವರಾರೂ ಒಳಗಿರುವಂತಿಲ್ಲ, ಒಳಗೆ ಮಾತು ಕೇಳಿಸುವಂತೆಯೂ ಇಲ್ಲ. ಪಟ್ಟಣಶೆಟ್ಟಿ ಬಾಗಿಲ ತನಕ ಬಂದು ಅವಳ ಕಿವಿಯಲ್ಲಿ ಕೊನೆಯ ಮದ್ದು ಅರೆದ: “ಇವತ್ತ ಗೆರಿ ಕೆಳಗ ಬಿತ್ತಂದ್ರ ಈ ಊರಾಗ ಎಲ್ಲೂ ನಿಮಗ ನೌಕರಿ ಸಿಗದಂಗ ಮಾಡ್ತೀನಿ. ನೆನಪಿಟ್ಟು ಕುಂದರ್ರಿ.”

ಅವಳು ಕುಳಿತಳು. ವೈರು ಕಟ್ಟಿದರು. ಮೊದಮೊದಲು ಗೆರೆ ಎತ್ತರದಲ್ಲೇ ಕುಣಿಯಿತು, ಗಾಜಿನ ಆಚೆ ಪಟ್ಟಣಶೆಟ್ಟಿ ಹೆಬ್ಬೆರಳೆತ್ತಿ ತೋರಿಸಿದ. ಬರುವ ತಿಂಗಳು ಒಲೆ ಹೇಗೆ ಉರಿಯಬೇಕೆಂಬ ಹೆದರಿಕೆ ಅವಳಿಗಿರಲಿಲ್ಲವೆಂದಲ್ಲ, ಇತ್ತು. ಆದರೆ ಎಷ್ಟೋ ತಿಂಗಳ ನಂತರ ಅವಳಿಗೆ ಬಚ್ಚಿಡುವುದು ಏನೂ ಇರಲಿಲ್ಲ. ಗಂಡನಿಗೆ ಗೊತ್ತಿತ್ತು. ಅವನು ನಂಬಿದ್ದ. ಬೇಕಾದರೆ ತೆಗೆದುಹಾಕಿಕೊಳ್ಳಲಿ, ನೌಕರಿಯನ್ನು ತಾನೇ ಬಿಟ್ಟಾಯಿತು ಎಂದು ಅವಳು ಮನಸ್ಸಿನಲ್ಲಿ ಗಟ್ಟಿಯಾಗಿ ಅಂದುಕೊಂಡಳು. ಕೈಯಲ್ಲಿಲ್ಲದ ನೌಕರಿಯನ್ನು ಇನ್ನು ಯಾರು ಕಸಿದುಕೊಳ್ಳಬೇಕು? ಭುಜ ಇಳಿಯಿತು. ಉಸಿರು ಹೊಟ್ಟೆಯ ತಳಕ್ಕೆ ಹೋಗಿ ಬಂತು.

ಗೆರೆಗಳು ಒಂದೊಂದಾಗಿ ಮಲಗಿದವು. ಪಟ್ಟಣಶೆಟ್ಟಿ ಗಾಜಿಗೆ ಮುಷ್ಟಿಯಿಂದ ಗುದ್ದುತ್ತಿದ್ದ, ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಿನ್ನೆಯಾಗಿದ್ದರೆ ಆ ಮುಖಕ್ಕೇ ಅವಳ ಪ್ರಾಣ ಹಾರುತ್ತಿತ್ತು. ಈಗ ಅವನನ್ನು ನೋಡಿ ಅವಳಿಗೆ ನಗು ಬಂತು. ಕನ್ನಡ ಬಾರದ ದಿಲ್ಲಿಯವರು ಪರದೆ ನೋಡಿ ತಲೆದೂಗಿದರು. ನೌಕರಿಯಲ್ಲಿರುವ ಮನುಷ್ಯ ಇಷ್ಟು ನಿಶ್ಚಿಂತೆಯಿಂದ ಇರುವುದು ಸಹಜ ಎಂದು ಮಾತಾಡಿಕೊಂಡು ಮುದ್ರೆ ಒತ್ತಿದರು. ಹೊರಗೆ ಬಂದವಳಿಗೆ ಪಟ್ಟಣಶೆಟ್ಟಿ ಒಂದೇ ಮಾತು ಹೇಳಿದ: “ಹೊರಗ ನಡಿ.” ಅವಳು ಹೇಗೂ ಹೊರಗೇ ಹೊರಟಿದ್ದಳು.

ಮರುದಿನ ಮುಂಜಾನೆ ಹೊಸ ಮಾದರಿ ಜಾರಿಗೆ ಬಂತು. ಓಣಿಯಲ್ಲಿ ಮೊದಲು ಗದ್ದಲವೆದ್ದದ್ದು ಕಟ್ಟೆಯ ಮೇಲೆ. ಮುದುಕರೆಲ್ಲ ಹಸಿರಾಗಿದ್ದರು. ಈ ವಯಸ್ಸಿನಲ್ಲಿ ದುಡಿಮೆಗೆ ಹಚ್ಚಿದರಲ್ಲ ಎಂದು ಗುರುಪಾದಪ್ಪ ಕಾಕಾ ಬೊಬ್ಬೆ ಹೊಡೆಯುತ್ತಿದ್ದ. ಉಳಿದವರ ಕೈಗಳು ಒಂದೊಂದಾಗಿ ಬೂದಾದವು. ಮಹಾಂತೇಶನದು ಬೂದಾಯಿತು. ನೌಕರಿ ಬಿಟ್ಟು ಬಂದು, ಬೆಳಗ್ಗೆ ಎದ್ದು ಡಬ್ಬಿಯಲ್ಲಿನ ಜೋಳದ ಹಿಟ್ಟು ನೋಡಿದಾಗ ದಾಕ್ಷಾಯಣಿಯ ಎದೆ ಮತ್ತೆ ಡವಗುಟ್ಟಿತು, ಅವಳದೂ ಬೂದಾಯಿತು. ಚನ್ನವ್ವ ಮಗನ ಕೈ ನೋಡಿದಳು, ಸೊಸೆಯ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು, ಅದೂ ಬೂದು. ಬಾಗಿಲಲ್ಲಿ ಸರಿದು ಕುಳಿತು ಸೊಸೆಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ಚೆನ್ನಮ್ಮ ಸರ್ಕಲ್‌ನ ಫಲಕದಲ್ಲಿ ಸಂಖ್ಯೆ ಏರುತ್ತ ಹೋಯಿತು. ನೂರಕ್ಕೆ ಅರ್ಧವಿದ್ದದ್ದು ಹತ್ತಾಯಿತು, ಇಪ್ಪತ್ತಾಯಿತು, ಊಟದ ಹೊತ್ತಿಗೆ ಐವತ್ತು ದಾಟಿತು. ಆಮೇಲೆ ಯಾರೋ ಮೇಲೆ ಹತ್ತಿ ಅದಕ್ಕೆ ತಾಡಪತ್ರಿ ಹೊದಿಸಿದರು. ಈ ಲೆಕ್ಕವೂ ಸರಿಯಿರಲಿಲ್ಲ, ದಾಕ್ಷಾಯಣಿಗೆ ಅದು ಚೆನ್ನಾಗಿ ಗೊತ್ತಿತ್ತು. ನೌಕರಿ ಇದ್ದೂ ನಾಳೆ ಇರುತ್ತದೋ ಇಲ್ಲವೋ ಎಂದು ನಡುಗುವವರೂ ಅದರೊಳಗೆ ಸೇರಿದ್ದರು. ಮೊದಲಿನ ಸುಳ್ಳು ಮಂತ್ರಿಗಳಿಗೆ ಬೇಕಾದ ಸುಳ್ಳಾಗಿತ್ತು, ಇದು ಅವರಿಗೆ ಬೇಡವಾದದ್ದು, ಅಷ್ಟೇ ವ್ಯತ್ಯಾಸ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕೆಲಸದ ಕಚೇರಿಗೆ ಹೋದರು. ಅವರಿಗಿಂತ ಮೊದಲೇ ಊರು ಅಲ್ಲಿಗೆ ಬಂದಿತ್ತು. ಪಾಳಿ ಕಚೇರಿಯ ಮೆಟ್ಟಿಲಿನಿಂದ ಹಿಡಿದು ತಿರುವು ದಾಟಿ, ಸೇತುವೆ ದಾಟಿ, ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಅದರಲ್ಲಿ ಮುಚ್ಚಿದ ಗಿರಣಿಯ ಕೂಲಿಗಳಿದ್ದರು, ಡಿಗ್ರಿ ಹಿಡಿದ ಹುಡುಗಿಯರಿದ್ದರು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಬಿದ್ದಿದ್ದವರೂ ಇದ್ದರು. ಮುಂದೆ, ಬೂದು ಕಡಗ ಕಂಡದ್ದೇ ಕಚೇರಿಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಒಳಗಿನ ಗುಮಾಸ್ತರು ಭುಜ ಕೊಟ್ಟು ಅದನ್ನು ಮುಚ್ಚಲು ಒದ್ದಾಡುತ್ತಿದ್ದರು. ಅವರ ಕೈಗಳೂ ಬೂದಾಗಿದ್ದವು. ಮುಚ್ಚಿದಂತೆಲ್ಲ ಅದು ಅವರನ್ನೇ ಕಂಡು ಮತ್ತೆ ತೆರೆಯುತ್ತಿತ್ತು.

ಪಾಳಿಯಲ್ಲಿ ಅವಳ ಮುಂದಿದ್ದ ಹೆಂಗಸು, ಯಾವುದೋ ನರ್ಸಿಂಗ್ ಹೋಮಿನ ಆಯಾ ಇರಬೇಕು, ನೀಲಿ ಸೀರೆಯಲ್ಲೇ ಓಡಿ ಬಂದಿದ್ದಳು. ಆಕೆ ಹಿಂದೆ ತಿರುಗಿ, ಮುಂದೆ ನೋಡಿ, ಮತ್ತೆ ಹಿಂದೆ ತಿರುಗಿದಳು.

“ಯವ್ವಾ! ಇಷ್ಟ ಮಂದಿ ಇದ್ದಿವೇನ್ರೀ ನಾವು? ನಾ ಒಬ್ಬಾಕಿನs ಅಂತ ತಿಳಕೊಂಡು ಸಾಯಾಕತ್ತಿದ್ದೆ.”

ದಾಕ್ಷಾಯಣಿ ಹಿಂದೆ ತಿರುಗಿ ನೋಡಿದಳು. ಸೇತುವೆಯ ಮೇಲಿಂದ ಜನ ಇನ್ನೂ ಇಳಿದು ಬರುತ್ತಲೇ ಇದ್ದರು.

“ಮುಂದಕ್ಕ ಸರೀರಿ ಅಕ್ಕಾರ,” ಎಂದಳು. “ಹಿಂದ ಭಾಳ ಮಂದಿ ಅದಾರ.”